ಏಳು ಬಂದ್ರೆ ಏಳು, ಆರು ಬಂದ್ರೆ ಆರು: ನಮ್ಮ ಗ್ಯಾಂಗಿನ ಕಿಂಗ್ಸ್ ಕಪ್

ಕಿಂಗ್ಸ್ ಕಪ್ ಅನ್ನೋ ಎಲೆ ಎಳೆದು ಕುಡಿಯೋ ಆಟ ಆಡೋಣ ಅಂದ್ರೆ ನಮ್ಮ ಗ್ಯಾಂಗಲ್ಲಿ ಹತ್ರತ್ರ ಎರಡು ವರ್ಷ ನನ್ನ ಆಡ್ಕೊಂಡು ನಕ್ಕಿದಾರೆ. ನಮ್ಮಲ್ಲಿ ಮಂಡ್ಯ ಕಡೆಯೋರೇ ಜಾಸ್ತಿ, ಯುಗಾದಿ ಮಾರನೇ ದಿನ ಹೊಸತೊಡಕಿಗೆ ಬಾಡೂಟ ಮಾಡಿ ಜಗಲಿ ಮೇಲೆ ಇಸ್ಪೀಟು ಹಾಕ್ಕೊಂಡು ಬೆಳೆದೋರು. ಅದ್ರಲ್ಲಿ ಒಬ್ಬ, ಅವನನ್ನ ಗೌಡ ಅಂತಾನೇ ಕರೆಯೋದು, "ದುಡ್ಡು ಕಟ್ದೆ ಎಲೆ ಎಳೆಯೋದು ಯಾವ ಸೀಮೆ ಆಟ ಮಗಾ, ಸುಮ್ನೆ ಕುಡಿಯೋಣ ಬಾ" ಅಂತ ಪ್ರತಿ ಸಲ. ಈಗ ಟ್ರಿಪ್ ಫಿಕ್ಸ್ ಆದ್ರೆ ಫಸ್ಟ್ ಅವನೇ ಕೇಳೋದು, ಪ್ಯಾಕ್ ತಗೊಂಡ್ಯಾ ಅಂತ. ಅದಕ್ಕೇ ಬರೀತಿದೀನಿ.

ಆಟ ನಿಮಗೆ ಗೊತ್ತೇ ಇರತ್ತೆ, ಮಧ್ಯೆ ದೊಡ್ಡ ಲೋಟ, ಸುತ್ತ ಎಲೆ ಮಗುಚಿ ಹರಡೋದು, ಒಂದೊಂದು ನಂಬರಿಗೆ ಒಂದೊಂದು ರೂಲ್, ರಾಜ ಎಳೆದೋನು ಲೋಟಕ್ಕೆ ತನ್ನದು ಸುರಿಯೋದು, ನಾಲ್ಕನೇ ರಾಜ ಎಳೆದೋನು ಆ ಲೋಟ ಕುಡಿಯೋದು.

ಮೊದಲನೇ ಸಲ ಆಡಿದ್ದು ಸಕಲೇಶಪುರದ ಹತ್ರ ಒಂದು ಹೋಮ್‌ಸ್ಟೇನಲ್ಲಿ, ಎಂಟು ಜನ. ನನ್ನ ಬುದ್ಧಿಗೆ ಎಲೆಗೊಂದು ಮೂವತ್ತು ಎಂಎಲ್ ವಿಸ್ಕಿ ಅಂತ ಇಟ್ಟೆ. ಹದಿನೆಂಟೋ ಇಪ್ಪತ್ತೋ ಎಲೆ ಆಗೋ ಹೊತ್ತಿಗೆ ಒಬ್ಬ ಶೂ ಹಾಕ್ಕೊಂಡೇ ಮಲಗಿದ, ಇನ್ನೊಬ್ಬ ಹಿತ್ಲಲ್ಲಿ ವಾಂತಿ. ಮೂರನೇ ರಾಜ ಇನ್ನೂ ಹೊರಗೇ ಬಂದಿರ್ಲಿಲ್ಲ. ಎರಡೂವರೆ ಸಾವಿರದ ಫುಲ್ ಬಾಟ್ಲು ಹೋಯ್ತು, ಮಧ್ಯದ ಲೋಟಕ್ಕೆ ಯಾರೋ ಪುಣ್ಯಾತ್ಮ ಉಪ್ಪಿನಕಾಯಿ ರಸ ಬೇರೆ ಹಾಕಿದ್ದ, ಬೆಳಿಗ್ಗೆ ಎದ್ದು ಅದನ್ನ ಕಾಫಿ ಗಿಡದ ಬುಡಕ್ಕೆ ಸುರಿದ್ವಿ. ಗಿಡ ಬದುಕಿದೆ, ಮುಂದಿನ ಸಲ ಹೋದಾಗ ನೋಡ್ಕೊಂಡು ಬಂದೆ.

ಆಮೇಲೆ ಕೂತು ಲೆಕ್ಕ ಹಾಕ್ದೆ. 52 ಎಲೆಲಿ ನಾಲ್ಕನೇ ರಾಜ ಬರೋದು ಸರಾಸರಿ 42ನೇ ಎಲೆ ಸುಮಾರಿಗೆ. ಎಲೆಗೆ ಇಬ್ರು ಕುಡೀತಾರೆ ಅಂದ್ಕೊಂಡ್ರೂ ಎಂಟು ಜನಕ್ಕೆ ತಲಾ ಹತ್ತು ಹನ್ನೊಂದು ಗುಟುಕು. ಗುಟುಕಿಗೆ ಮೂವತ್ತು ವಿಸ್ಕಿ ಅಂದ್ರೆ ತಲಾ ಮುನ್ನೂರು ಎಂಎಲ್ ಮೇಲೆ, ಆಟ ಅಲ್ಲ ಅದು ಆಸ್ಪತ್ರೆ ದಾರಿ. ಅದೇ ಬಿಯರ್ ಆದ್ರೆ ಅರ್ಧ ಬಾಟ್ಲು ಅಷ್ಟೇ. ಅದೂ ಮೈಲ್ಡೇ ಇರ್ಬೇಕು, 650 ಎಂಎಲ್‌ನ ಒಂದು ಸ್ಟ್ರಾಂಗ್ ಬಾಟ್ಲು ಅಂದ್ರೆ ಹೆಚ್ಚುಕಮ್ಮಿ ಮೂವತ್ತು ಎಂಎಲ್‌ನ ನಾಲ್ಕು ವಿಸ್ಕಿಗೆ ಸಮ, ಇದನ್ನ ಯಾರೂ ನಂಬಲ್ಲ, ಲೇಬಲ್ ನೋಡಿ ನೀವೇ ಗುಣಿಸ್ಕೊಳಿ. ವಿಸ್ಕಿ ಥರ ಹಾಟೇ ಬೇಕು ಅನ್ನೋರಿಗೆ ಕೆಮ್ಮಿನ ಸಿರಪ್ ಮುಚ್ಚಳ, ಹತ್ತು ಎಂಎಲ್ ಗೆರೆವರೆಗೆ. "ಏನ್ ಗುರು, ಊಟಕ್ಕೆ ಮುಂಚೆನಾ ಆಮೇಲಾ" ಅಂತ ಸಿಕ್ಕಾಪಟ್ಟೆ ರೇಗಿಸಿದ್ರು, ರೇಗಿಸ್ಲಿ, ಆವತ್ತಿಂದ ಆಟದ ಮಧ್ಯ ಒಬ್ರೂ ಬಿದ್ದಿಲ್ಲ. ಕುಡಿಯದೇ ಇರೋರು ಕೋಕಂ ಶರಬತ್ತಲ್ಲಿ ಆಡ್ತಾರೆ. ಕಾರ್ ಕೀಗಳೆಲ್ಲ ಮೊದಲನೇ ಎಲೆಗೆ ಮುಂಚೆನೇ ಡಬ್ಬಕ್ಕೆ, ಡಬ್ಬ ಕೋಕಂ ಪಾರ್ಟಿ ಹತ್ರ.

ಅಳತೆ ಸರಿಹೋದ್ರೂ ಆಟ ಏಳ್ತಿರ್ಲಿಲ್ಲ. ಕಾರಣ ರೂಲ್ಸು. ಇಂಗ್ಲಿಷ್ ಚಾರ್ಟ್ ಒಂದು ಪ್ರಿಂಟ್ ಹಾಕ್ಸಿ ಲ್ಯಾಮಿನೇಷನ್ ಮಾಡ್ಸಿದ್ದೆ, ಎಂಬತ್ತು ರೂಪಾಯಿ ದಂಡ. ಪ್ರತಿ ಎಲೆಗೂ ನಾಲ್ಕಕ್ಕೆ ಏನದು, ಎಂಟಕ್ಕೆ ಏನದು ಅಂತ ಚಾರ್ಟ್ ಕಿತ್ತಾಡೋದು, ಅಷ್ಟರಲ್ಲಿ ನಾಲ್ಕು ಜನ ಫೋನಲ್ಲಿ. ಮೂರನೇ ಟ್ರಿಪ್ಪಲ್ಲಿ ಗೌಡ ಎಲೆ ಎಳೆದು "ಏಳು" ಅಂತ ಕೂಗ್ದ, ಪಕ್ಕದಲ್ಲಿ ತೂಕಡಿಸ್ತಿದ್ದೋನು ಗಾಬರಿಯಾಗಿ ಎದ್ದು ನಿಂತ್ಕೊಂಡ. ಎಲ್ರೂ ಬಿದ್ದು ಬಿದ್ದು ನಕ್ರು. ನನಗೆ ಅಲ್ಲೇ ಹೊಳೀತು. ಅದೇ ರಾತ್ರಿ ಚಾರ್ಟ್ ಬಿಸಾಕ್ದೆ.

ಈಗ ನಮ್ಮಲ್ಲಿ ಏಳು ಬಂದ್ರೆ ಎಲ್ರೂ ಏಳು, ಕೊನೇಲಿ ಎದ್ದೋನು ಕುಡೀಬೇಕು. ಎಂಟಕ್ಕೆ ನೆಂಟ, ಒಬ್ಬನ್ನ ನೆಂಟ ಮಾಡ್ಕೊಂಡ್ರೆ ನೀ ಕುಡಿದಾಗೆಲ್ಲ ಅವನೂ ಕುಡೀಬೇಕು. ನಾಲ್ಕಕ್ಕೆ ನೆಲ ಮುಟ್ಟೋದು. ಮೂರು ಎಳೆದೋನು ಮೂರೂ ಬಿಟ್ಟೋನು, ತಾನೇ ಕುಡಿಯೋದು. ಎರಡಕ್ಕೆ ಇನ್ನೊಬ್ಬನಿಗೆ ಕುಡಿಸೋದು, ಒಂಬತ್ತಕ್ಕೆ ಪ್ರಾಸ. ಹತ್ತು ಅಂದ್ರೆ ಬಸ್ ಹತ್ತು, ಒಂದು ರೂಟ್ ಹೇಳಿ ಊರುಗಳನ್ನ ವರಸೆಯಾಗಿ ಒಬ್ಬೊಬ್ರು ಒಂದೊಂದು, ನೆಲಮಂಗಲ, ಕುಣಿಗಲ್, ಯಡಿಯೂರು, ಬೆಳ್ಳೂರು ಕ್ರಾಸ್ ಅಂತ ಹೋಗ್ತಾ ಇರತ್ತೆ, ಹಿರೀಸಾವೆ ಹತ್ರ ಯಾರಾದ್ರೂ ಒಬ್ಬ ಬಿದ್ದೇ ಬೀಳ್ತಾನೆ. ಎಕ್ಕ ಬಂದ್ರೆ ಜೋಗ, ಒಬ್ಬ ಶುರು ಮಾಡಿದ್ರೆ ಸಾಲಾಗಿ ಎಲ್ರೂ ಕುಡಿಯೋದು, ಹಿಂದಿನವನು ಲೋಟ ಇಳಿಸೋತನಕ ನೀನು ಇಳ್ಸಂಗಿಲ್ಲ. ಹಾಟ್ ಪಾರ್ಟಿ ಜೋಗಕ್ಕೆ ಬರೀ ನೀರು.

ನನ್ನ ಪ್ರಕಾರ ಪ್ಯಾಕಲ್ಲೇ ಬೆಸ್ಟ್ ಎಲೆ ಆರು. ಆರು ಬಂದ್ರೆ ಆರು, ಅಂದ್ರೆ ಒಣಗು, ಎಲ್ರೂ ಒಂದೊಂದು ಲೋಟ ನೀರು ಕುಡೀಬೇಕು, ಎಣ್ಣೆ ಮುಟ್ಟೋಹಂಗಿಲ್ಲ. ಒಂದು ಪ್ಯಾಕಲ್ಲಿ ನಾಲ್ಕು ಆರು, ಆಟ ಮುಗಿಯೋದ್ರೊಳಗೆ ಮೂರು ನಾಲ್ಕು ಲೋಟ ನೀರು ಹೊಟ್ಟೆಗೆ ಹೋಗತ್ತೆ, ನಮಗಂತೂ ಬೆಳಿಗ್ಗೆ ತಲೆನೋವು ಕಮ್ಮಿ ಅನ್ಸತ್ತೆ. ನೀರು ಕುಡೀರೋ ಅಂತ ಕೈ ಮುಗಿದು ಕೇಳಿದ್ರೂ ಕುಡಿಯದ ನನ್ಮಕ್ಳು ಎಲೆ ಹೇಳಿದ್ರೆ ಕುಡೀತಾರೆ.

ರಾಣಿ ಎಳೆದೋರು ಪ್ರಶ್ನೆ ಕೇಳಬಹುದು, ಉತ್ತರ ಕೊಟ್ಟೋನು ಕೆಟ್ಟ. ಇದಕ್ಕೆ ದೊಡ್ಡ ತಲೆ ಏನೂ ಬೇಡ, ಹತ್ತು ನಿಮಿಷ ಸುಮ್ನಿದ್ದು ಮೆತ್ತಗೆ "ಊಟ ಆಯ್ತಾ?" ಅನ್ನಿ ಸಾಕು, ನಮ್ಮೋರು "ಹ್ಞೂ ಆಯ್ತು, ನಿಮ್ದು?" ಅಂದೇ ಅಂತಾರೆ. ಗೌಡ ಒಂದೇ ರಾತ್ರಿ ನಾಲ್ಕು ಸಲ ಸಿಕ್ಕಿದಾನೆ, ಊಟದ ತಟ್ಟೆ ಮುಂದೆ ಇಟ್ಕೊಂಡೇ.

ಗುಲಾಮನಿಗೆ ಇಂಗ್ಲಿಷ್ ಬ್ಯಾನ್ ಅಂತ ಟ್ರೈ ಮಾಡಿದ್ವಿ, ಫ್ಲಾಪ್. ಐದು ನಿಮಿಷಕ್ಕೆ ಎಲ್ರೂ ಸಾರಿ, ಓಕೆ, ಲೈಟ್ ಆಫ್ ಮಾಡು ಅಂದು ಅಂದು ಅರ್ಧ ಬಾಟ್ಲು ಖಾಲಿ. ಈಗ ಬ್ರೋ, ಆಕ್ಚುಲಿ, ಸೀರಿಯಸ್ಲಿ ಈ ಮೂರು ಮಾತ್ರ ಬ್ಯಾನ್, ಬೆಂಗಳೂರಲ್ಲಿ ಬೆಳೆದೋರಿಗೆ ಅಷ್ಟೇ ಸಾಕು.

ಮಧ್ಯೆ ಊದೋ ಆಟಾನೂ ನೋಡಿದ್ವಿ, ಬಾಟ್ಲು ಬಾಯಿ ಮೇಲೆ ಇಡೀ ಪ್ಯಾಕ್ ಇಟ್ಟು ಒಂದೊಂದೇ ಎಲೆ ಊದಿ ಬೀಳ್ಸೋದು, ಕೊನೇದು ಬೀಳ್ಸಿದೋನು ಕುಡಿಯೋದು. ಜುಲೈ ತಿಂಗಳು, ಮಲೆನಾಡು, ಸಿಟ್‌ಔಟು. ನಾವು ಬಾಯಿ ತೆರೆಯೋ ಮುಂಚೆನೇ ಗಾಳಿ ಊದ್ಬಿಡ್ತು, ಕಳಾವರ್ ರಾಣಿ ಇವತ್ತಿಗೂ ಆ ತೋಟದಲ್ಲೇ ಎಲ್ಲೋ ಇದಾಳೆ.

ಪ್ಯಾಕ್ ಪ್ಲಾಸ್ಟಿಕ್ಕಿಂದೇ ತಗೊಳಿ. ಅರವತ್ತು ರೂಪಾಯಿ ಪೇಪರ್ ಪ್ಯಾಕು ನಾಲ್ಕು ಹಾಳು ಮಾಡಿದ ಮೇಲೆ ಇನ್ನೂರೈವತ್ತೋ ಏನೋ ಕೊಟ್ಟು ಒಂದು ತಂದೆ, ಟ್ಯಾಪ್ ಕೆಳಗೆ ತೊಳೆದು ಟವಲಲ್ಲಿ ಒರೆಸಿದ್ರೆ ಮುಗೀತು. ಹೋದ ಟ್ರಿಪ್ಪಲ್ಲಿ ಒಂಬತ್ತು ಜನಕ್ಕೆ ಎಂಟು ಮೈಲ್ಡು, ಒಂದು ಕ್ವಾರ್ಟರು, ಕಡ್ಲೆಬೀಜ, ಸೋಡಾ ಎಲ್ಲ ಸೇರಿ ತಲಾ ಮುನ್ನೂರು ಆಸುಪಾಸು.

ಹೋಮ್‌ಸ್ಟೇ ಓನರು ಎಲೆ ನೋಡಿದ ತಕ್ಷಣ "ಅಣ್ಣಾ, ದುಡ್ಡಿಟ್ಟು ಆಡೋದಾದ್ರೆ ಬೇಡಿ, ಪೊಲೀಸ್ ಬಂದ್ರೆ ನನ್ ತಲೆಗೆ ಬರತ್ತೆ" ಅಂದ್ರು. ಕೂರ್ಸಿ ಒಂದು ರೌಂಡ್ ತೋರ್ಸಿದ್ವಿ, ಹತ್ತು ಬಂದಾಗ ಆಲೂರಿಂದ ಆಚೆ ನಾವು ಕೇಳೇ ಇರದ ಸ್ಟಾಪುಗಳನ್ನೆಲ್ಲ ಹೇಳಿ ನಮ್ಮನ್ನೆಲ್ಲ ಮಲಗ್ಸಿದ್ರು. ನಿಜವೋ ಸುಳ್ಳೋ, ಕಂಡೋರ್ಯಾರು.

ನಾಲ್ಕನೇ ರಾಜ ನನಗ್ಯಾಕೆ ಇಲ್ಲೀವರೆಗೂ ಒಂದ್ಸಲಾನೂ ಬಂದಿಲ್ಲ ಅಂತ ಗ್ಯಾಂಗಲ್ಲಿ ಕೇಳ್ತಾನೇ ಇರ್ತಾರೆ. ಎಲೆ ಕಲಸಿ ಹರಡೋದು ನಾನೇ. ಅದಕ್ಕಿಂತ ಜಾಸ್ತಿ ಇಲ್ಲಿ ಹೇಳಲ್ಲ.

ಐದಕ್ಕೆ ಮಾತ್ರ ಇನ್ನೂ ಪದ ಸಿಕ್ಕಿಲ್ಲ. ಐದು ಬೆರಳು ಎತ್ತಿ "ನಾನು ಯಾವತ್ತೂ ಇದು ಮಾಡಿಲ್ಲ" ಅಂತ ಒಂದೊಂದೇ ಮಡಚೋ ಆಟ ಇಟ್ಟಿದೀನಿ, ಆದ್ರೆ ಯಾರ ತಲೇಲೂ ನಿಲ್ಲಲ್ಲ. ಈ ಸಲ ಹೊಸತೊಡಕಿನ ರಾತ್ರಿ ಹನ್ನೊಂದಕ್ಕೆ ಗೌಡ ಊರಿಂದ ಫೋನ್ ಮಾಡ್ದ, ಹಿಂದೆ ಅವನ ಭಾವಂದಿರ ಗಲಾಟೆ ಕೇಳ್ತಿತ್ತು. "ಮಗಾ, ಐದಕ್ಕೆ ಏನೋ ಅದು?"