ಮಲ್ಪೆಯ ಡೀಸೆಲ್ ಚೀಟಿ, ಜರ್ಮನಿಯ ಬೇಕರಿ ಬಿಲ್

ಉಡುಪಿಯಲ್ಲಿ ಬಿಕಾಂ ಮಕ್ಕಳಿಗೆ ಪಾಠ ಮಾಡುವವಳು ನಾನು. ಸಸ್ಟೈನಬಿಲಿಟಿ ಅಕೌಂಟಿಂಗನ್ನು, ಅಂದರೆ ವ್ಯವಹಾರವೊಂದು ಪರಿಸರ, ಸಮಾಜದ ಮೇಲೆ ಮಾಡುವ ಪರಿಣಾಮದ ಲೆಕ್ಕವನ್ನು, ಜರ್ಮನಿಯ ಒಂದು ಕಾಲೇಜಿನ ಜೊತೆ ಸೇರಿ ಆನ್‌ಲೈನಿನಲ್ಲಿ ಕಲಿಸುತ್ತೇನೆ. ಎಲ್ಲಿಂದ ಶುರು ಮಾಡುವುದು ಅಂತ ಕೇಳುವ ಟೀಚರುಗಳಿಗೆ ಒಂದೇ ಮಾತು: ಜಿಆರ್‌ಐ, ಐಎಫ್‌ಆರ್‌ಎಸ್ ಎಸ್1, ಎಸ್2 ಅನ್ನುವ ವರದಿ ಮಾನದಂಡಗಳೆಲ್ಲ ಆಮೇಲೆ. ಮೊದಲು ಊರಿನ ಒಂದು ಬಿಲ್ ತನ್ನಿ.

ನಾವು ತಂದದ್ದು ಮಲ್ಪೆಯ ಟ್ರಾಲ್ ಬೋಟೊಂದರ ವರ್ಷದ ಡೀಸೆಲ್ ಚೀಟಿ ಮತ್ತು ಐಸ್ ಕೊಂಡ ಲೆಕ್ಕ. ಮಾಲೀಕರನ್ನು ಕೇಳಿ, ಹೆಸರು, ಬೋಟಿನ ನಂಬರು ಅಳಿಸಿ ಕಳಿಸಿದೆವು. ಜರ್ಮನಿಯವರು ತಮ್ಮೂರಿನ ಬೇಕರಿಯ ಕರೆಂಟು, ಗ್ಯಾಸ್ ಬಿಲ್ ಕಳಿಸಿದರು. ಇವುಗಳಿಂದ ಎಷ್ಟು ಕಾರ್ಬನ್ ಡೈಆಕ್ಸೈಡ್ ಹೊರಬಿತ್ತು ಅಂತ ನಮ್ಮ ಲೆಕ್ಕ ಅವರು ಮಾಡಬೇಕು, ಅವರದ್ದು ನಾವು. ತನ್ನೂರಿನದ್ದಾದರೆ ಯಾರೂ ಪ್ರಶ್ನೆ ಕೇಳುವುದಿಲ್ಲ, ಎಲ್ಲ ಗೊತ್ತಿದ್ದದ್ದೇ ಅಲ್ವಾ?

ಅವರ ಮೊದಲ ಪ್ರಶ್ನೆ: ಜೂನ್, ಜುಲೈ ಚೀಟಿ ಕಳೆದುಹೋಯಿತಾ? ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲ್ ಬೋಟು ಕಡಲಿಗಿಳಿಯುವಂತಿಲ್ಲ ಅಂತ ಬರೆಯುವುದು ನಮ್ಮವರಿಗೆ ಹೊಳೆದೇ ಇರಲಿಲ್ಲ. ಇನ್ನೊಂದು, ಅವರೂ ಕಾಮರ್ಸ್ ಮಕ್ಕಳು ನೋಡಿ, ರೂಪಾಯಿ ಕೂಡಿಸಿ ಬಂಕಿನ ರೇಟಿನಿಂದ ಭಾಗಿಸಿದ್ದರು. ಮೀನುಗಾರರಿಗೆ ತೆರಿಗೆ ರಿಯಾಯಿತಿ ಡೀಸೆಲ್ ಉಂಟು, ಹಾಗಾಗಿ ಲೀಟರ್ ತಪ್ಪಿತು. ಚೀಟಿಯಲ್ಲಿರುವ ಲೀಟರನ್ನೇ ಹಿಡಿಯಿರಿ. 1 ಲೀಟರ್ ಡೀಸೆಲ್ ಉರಿದರೆ ಸುಮಾರು 2.68 ಕಿಲೋ ಕಾರ್ಬನ್ ಡೈಆಕ್ಸೈಡ್. 1,000 ಲೀಟರಿಗೆ 2,680 ಕಿಲೋ.

ಬೇಕರಿಯ ಕರೆಂಟಿಗೆ ನಮ್ಮವರು ಭಾರತದ ಅಂಕಿ ಹಾಕಿಬಿಟ್ಟರು, ಯೂನಿಟ್ಟಿಗೆ ಸುಮಾರು 0.7 ಕಿಲೋ. ನಮ್ಮ ಕರೆಂಟಿನಲ್ಲಿ ಕಲ್ಲಿದ್ದಲಿನ ಪಾಲು ಜಾಸ್ತಿ. ಆಯಾ ದೇಶದ ಅಂಕಿಯೇ ಬೇಕು.

ನಿಜವಾದ ಜಗಳ ಐಸಿನದ್ದು. ಹೊರಬೀಳುವ ಕಾರ್ಬನ್ನನ್ನು ಮೂರು ಭಾಗ ಮಾಡುತ್ತಾರೆ: ತಾನೇ ಉರಿಸಿದ್ದು ಸ್ಕೋಪ್ 1, ಕೊಂಡ ಕರೆಂಟಿನದ್ದು ಸ್ಕೋಪ್ 2, ಕೊಂಡ ಸಾಮಾನು ಮುಂತಾದ ಉಳಿದದ್ದು ಸ್ಕೋಪ್ 3. ಐಸ್ ಆಗುವುದು ಕರೆಂಟಿನಿಂದ, ಹಾಗಾಗಿ ಸ್ಕೋಪ್ 2 ಅಂತ ನಮ್ಮವರ ಹಟ. ‘ಮೀಟರ್ ಯಾರ ಹೆಸರಿನಲ್ಲಿದೆ?’ ಅಂತ ಅಲ್ಲಿಂದ ಒಬ್ಬಳು ಕೇಳಿದಳು. ಮೆಸ್ಕಾಂ ಕರೆಂಟು ಬಿಲ್ ಬರುವುದು ಐಸ್ ಪ್ಲಾಂಟಿಗೆ. ಪ್ಲಾಂಟಿನವರಿಗೆ ಅದು ಸ್ಕೋಪ್ 2. ಬೋಟಿಗೆ ಐಸ್ ಅಂದರೆ ಕೊಂಡು ತಂದ ಸಾಮಾನು, ಸ್ಕೋಪ್ 3. ಇದಕ್ಕೇ ಎರಡು ಕ್ಲಾಸು ಹೋಯಿತು, ಹೋಗಲಿ. ಉತ್ತರ ಗೊತ್ತಿದ್ದರೂ ನೀವು ಸುಮ್ನೆ ಕೂತಿರಿ.

ಗುಂಪಿನಲ್ಲಿ ಐದು ಜನ ಸಾಕು. ಗುಂಪಿಗೆಲ್ಲ ಒಂದೇ ಅಂಕ ಕೊಡಬೇಡಿ, ಒಬ್ಬ ದುಡಿದು ನಾಲ್ವರು ಪಾಸಾಗುತ್ತಾರೆ. ಹೊತ್ತಿನ ಬಗ್ಗೆ ಎಚ್ಚರ. ಅಕ್ಟೋಬರಿನ ಕೊನೆಯ ಭಾನುವಾರ ಅವರು ಗಡಿಯಾರ ಒಂದು ಗಂಟೆ ಹಿಂದಿಡುತ್ತಾರೆ. ಅವರ ಬೆಳಿಗ್ಗೆ 10 ನಮಗೆ ಮಧ್ಯಾಹ್ನ 1.30 ಇದ್ದದ್ದು 2.30 ಆಗುತ್ತದೆ. ಇದು ತಿಳಿಯದೆ ನಾವು ಒಂದು ಗಂಟೆ ಖಾಲಿ ಪರದೆ ನೋಡುತ್ತಾ ಕೂತಿದ್ದೆವು, ಮಾರಾಯ್ರೆ.

ಕೊನೆಯ ವಾರ ಬಿಆರ್‌ಎಸ್‌ಆರ್ (ಬಿಸಿನೆಸ್ ರೆಸ್ಪಾನ್ಸಿಬಿಲಿಟಿ ಆ್ಯಂಡ್ ಸಸ್ಟೈನಬಿಲಿಟಿ ರಿಪೋರ್ಟ್) ತೆಗೆಯಿರಿ. ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1,000 ಲಿಸ್ಟೆಡ್ ಕಂಪನಿಗಳಿಗೆ 2022-23ರಿಂದ ಸೆಬಿ ಕಡ್ಡಾಯ ಮಾಡಿದ ವರದಿ ಅದು. ಯಾವುದಾದರೂ ಒಂದನ್ನು ಇಳಿಸಿಕೊಂಡು ಪರಿಸರದ ಬಗ್ಗೆ ಇರುವ 6ನೇ ತತ್ವದ ಪುಟಕ್ಕೆ ಹೋಗಿ. ‘ಐಸ್ ಎಲ್ಲಿದೆ ಮೇಡಂ?’ ಅಂತ ಮಕ್ಕಳೇ ಕೇಳುತ್ತಾರೆ. ಸ್ಕೋಪ್ 1, 2 ಕಡ್ಡಾಯ ಭಾಗದಲ್ಲಿರುತ್ತವೆ. ಸ್ಕೋಪ್ 3 ಅದರ ಕೆಳಗೆ, ಇಷ್ಟವಿದ್ದರೆ ತುಂಬುವ ಭಾಗದಲ್ಲಿ.