ಎತ್ತರದ ತೋಟದ ಹುರಿಯದ ಕಾಫಿ ಬೀಜ: ಪರಿಮಳವನ್ನು ಹೋಲಿಸಿ ನೋಡುವ ಕ್ರಮ

ಬಾಬಾಬುಡನ್‌ಗಿರಿಯ ಮೇಲಿನ ಇಳಿಜಾರಿನ ಅರೇಬಿಕಾ ಜಾತಿಯ ಕಾಫಿಗೆ ತಗ್ಗಿನ ತೋಟದ ಅರೇಬಿಕಾಕ್ಕಿಂತ ಪರಿಮಳ ಹೆಚ್ಚು ಎಂಬ ಮಾತಿನಲ್ಲಿ ಹುರುಳಿದೆ. ಆದರೆ ಪರಿಮಳವನ್ನು ಕೊಡುವುದು ಎತ್ತರವಲ್ಲ, ಎತ್ತರದ ತಂಪು. ಸಾವಿರ ಮೀಟರ್ ಮೇಲೇರಿದರೆ ಉಷ್ಣಾಂಶ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ತಂಪಿನಲ್ಲಿ ಹಣ್ಣು ನಿಧಾನವಾಗಿ ಮಾಗುವುದರಿಂದ ಬೀಜ ಗಟ್ಟಿಯಾಗಿ ತುಂಬಿಕೊಳ್ಳುತ್ತದೆ ಮತ್ತು ಅದರಲ್ಲಿ ಕೊಬ್ಬಿನಂಶವೂ ಸಾಮಾನ್ಯವಾಗಿ ಸಕ್ಕರೆಯಂಶವೂ ಹೆಚ್ಚುತ್ತವೆ. ಹುರಿಯುವಾಗ ಸಕ್ಕರೆಯೂ ಅಮೈನೋ ಆಮ್ಲಗಳೂ ಕೂಡಿ ಪರಿಮಳವಾಗುತ್ತವೆ. ಅಂದರೆ ಹುರಿಯದ ಬೀಜದಲ್ಲಿರುವುದು ಬಹುಮಟ್ಟಿಗೆ ಪರಿಮಳದ ಮೂಲದ್ರವ್ಯವೇ ಹೊರತು ಪರಿಮಳವಲ್ಲ.

ಇದನ್ನು ನಿಮ್ಮ ತೋಟದಲ್ಲೇ ಪರೀಕ್ಷಿಸಬೇಕಾದರೆ, ಮೇಲಿನ ಮತ್ತು ಕೆಳಗಿನ ಎರಡು ಬ್ಲಾಕ್‌ಗಳಲ್ಲಿ ಒಂದೇ ತಳಿಯ, ಉದಾಹರಣೆಗೆ ಎಸ್. 795ರ, ಹೆಚ್ಚುಕಡಿಮೆ ಒಂದೇ ವಯಸ್ಸಿನ ಗಿಡಗಳನ್ನು ಆರಿಸಿಕೊಳ್ಳಿ. ನೆರಳು ಸಮನಾಗಿರುವುದು ಎಲ್ಲಕ್ಕಿಂತ ಮುಖ್ಯ, ಏಕೆಂದರೆ ದಟ್ಟ ನೆರಳೂ ಮಾಗುವಿಕೆಯನ್ನು ನಿಧಾನಗೊಳಿಸಿ ಎತ್ತರದಂತೆಯೇ ವರ್ತಿಸುತ್ತದೆ. ಕೆಳಗಿನ ಬ್ಲಾಕ್ ಮೊದಲು ಹಣ್ಣಾಗುವುದರಿಂದ ಎರಡನ್ನೂ ಒಂದೇ ದಿನ ಕೊಯ್ಯಬೇಕೆಂಬ ನಿಯಮ ಬೇಡ; ಎರಡೂ ಕಡೆ ಪೂರ್ಣ ಕೆಂಪಾದ ಹಣ್ಣನ್ನೇ ಕೊಯ್ಯಿರಿ, ನೀರಿನಲ್ಲಿ ತೇಲಿದ್ದನ್ನು ತೆಗೆದುಹಾಕಿ, ಕೊಯ್ದ ದಿನವೇ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರವಾದ ಪಲ್ಪರ್‌ಗೆ ಹಾಕಿ. ಹುದುಗು, ತೊಳೆತ ಮತ್ತು ಒಣಗಿಸುವ ಕ್ರಮ ಎರಡಕ್ಕೂ ಒಂದೇ ಇರಲಿ. ಪಾರ್ಚ್‌ಮೆಂಟ್‌ನ, ಅಂದರೆ ತೆಳು ಒಳಸಿಪ್ಪೆ ಇನ್ನೂ ಅಂಟಿರುವ ಬೀಜದ, ತೇವಾಂಶ ಶೇಕಡ 10ಕ್ಕೆ ಇಳಿಯುವವರೆಗೆ ಒಣಗಿಸಿ.

ಸಿಪ್ಪೆ ತೆಗೆದ ಬೀಜವನ್ನು ಅರ್ಧದಷ್ಟು ತುಂಬಿದ ಗಾಜಿನ ಜಾಡಿಗಳಲ್ಲಿ ರಾತ್ರಿಯಿಡೀ ಮುಚ್ಚಿಟ್ಟು ಬೆಳಿಗ್ಗೆ ಮುಚ್ಚಳ ತೆಗೆದ ಕೂಡಲೇ ಮೂಸಿ ನೋಡಿ. ಹುಲ್ಲಿನ ವಾಸನೆ ಹೆಕ್ಸನಾಲ್‌ನಂತಹ ಆಲ್ಡಿಹೈಡ್ ಎಂಬ ರಾಸಾಯನಿಕಗಳದು. ಹಸಿ ಬಟಾಣಿಯ ವಾಸನೆ ಮೆಥಾಕ್ಸಿಪೈರಜೀನ್ ಎಂಬ ರಾಸಾಯನಿಕಗಳದು, ಇವು ಹುರಿದ ಮೇಲೂ ಬೀಜದಲ್ಲಿ ಉಳಿಯುತ್ತವೆ. ಬೂಷ್ಟಿನ ಅಥವಾ ಹುಳಿ ವಾಸನೆ ಬಂದರೆ ಅದು ಸಂಸ್ಕರಣೆಯ ದೋಷ. ಅಂಥ ಮಾದರಿಯಿಂದ ಎತ್ತರದ ಬಗ್ಗೆ ಏನನ್ನೂ ತೀರ್ಮಾನಿಸಬೇಡಿ.

ಮೂಸಿದ್ದಷ್ಟರಿಂದಲೇ ಮೇಲಿನ ಬ್ಲಾಕ್ ಉತ್ತಮವೆನ್ನಲಾಗದು. ಎರಡು ಮಾದರಿಗಳನ್ನೂ ಒಂದೇ ಹದಕ್ಕೆ, ತಿಳಿ ಕಂದು ಬಣ್ಣ ಬರುವಷ್ಟು ಹುರಿಯಿರಿ. ಮೇಲಿನ ಬೀಜ ಗಟ್ಟಿಯಾದ್ದರಿಂದ ಅದಕ್ಕೆ ತುಸು ಹೆಚ್ಚು ಶಾಖ ಬೇಕಾಗಬಹುದು. ಮರುದಿನ ಪುಡಿ ಮಾಡಿ, 150 ಮಿಲಿಲೀಟರ್ ಬಿಸಿನೀರಿಗೆ 8.25 ಗ್ರಾಂ ಪುಡಿಯ ಲೆಕ್ಕದಲ್ಲಿ ಬಟ್ಟಲಿಗೆ ಹಾಕಿ, ನಾಲ್ಕು ನಿಮಿಷ ಬಿಟ್ಟು ಮೇಲಿನ ಕೆನೆಪದರವನ್ನು ಚಮಚದಿಂದ ಒಡೆಯುತ್ತಲೇ ಮೂಸಿ. ಯಾವ ಬಟ್ಟಲು ಯಾವ ಬ್ಲಾಕಿನದೆಂದು ಮೂಸುವವರಿಗೆ ತಿಳಿಸಬೇಡಿ. ಕಾಫಿ ಗಿಡ ಹೂಬಿಡಲು ಕಾರಣವಾಗುವ ಹೂಮಳೆ ಪ್ರತಿ ವರ್ಷ ಒಂದೇ ರೀತಿ ಬೀಳುವುದಿಲ್ಲವಾದ್ದರಿಂದ ಮುಂದಿನ ಕೊಯ್ಲಿನಲ್ಲಿಯೂ ಇದೇ ಪರೀಕ್ಷೆಯನ್ನು ಅದೇ ಗಿಡಗಳ ಹಣ್ಣಿನಿಂದ ಮಾಡಿ.