ಮುತ್ತಲ ಹೂವಿನ ಫೋಟೋ ತೆಗೆಯುವುದು ಹೇಗೆ?

ಶಿವರಾತ್ರಿ ಹೊತ್ತಿಗೆ ಧಾರವಾಡದಿಂದ ಅಳ್ನಾವರ, ಕಲಘಟಗಿ ಕಡೆ ಹೊರಟರೆ ಹೊಲದ ಬದುವಿನಲ್ಲಿ ಮುತ್ತಲ ಗಿಡಗಳು ಕಾಣುತ್ತವೆ. ಕೆಲವರು ಮುತ್ತುಗ ಅಂತಾರೆ. ಎಲೆಯೆಲ್ಲ ಉದುರಿ ಗಿಡದ ತುಂಬ ಬರೀ ಕೇಸರಿ ಹೂವು. ಬೈಕ್ ನಿಲ್ಲಿಸಿ ಫೋಟೋ ಹೊಡೆಯುತ್ತೇವೆ. ಮನೆಗೆ ಬಂದು ನೋಡಿದರೆ ಹೂವಿನ ಬದಲು ಕೆಂಪು ಬಣ್ಣ ಚೆಲ್ಲಿದ ಹಾಗಿರುತ್ತದೆ. ನಾನು ಮೊದಲ ವರ್ಷ ಮಧ್ಯಾಹ್ನದ ಬಿಸಿಲಲ್ಲಿ ತೆಗೆದ ಫೋಟೋಗಳಲ್ಲಿ ಒಂದರಲ್ಲೂ ಎಸಳು ಬಿಡಿಸಿ ಕಾಣಲಿಲ್ಲ.

ಅದಕ್ಕೇ ಕ್ಯಾಮೆರಾ ಹೊರಗೆ ತೆಗೆಯುವ ಮೊದಲು, ಕೆಳಗೆ ಬಿದ್ದ ಒಂದು ಹೂವನ್ನು ಅಂಗೈ ಮೇಲೆ ಇಟ್ಟುಕೊಳ್ಳಿ. ಒಂದು ಎಸಳು ಥೇಟ್ ಗಿಳಿಯ ಕೊಕ್ಕಿನಂತೆ ಬಾಗಿದೆ. ಎಸಳಿನ ಹೊರಮೈಗೆ ಬೆಳ್ಳಿ ಹೊಳಪಿನ ಸಣ್ಣ ರೋಮ. ಬುಡದಲ್ಲಿ ಕಪ್ಪುಗಂದು ಮಖಮಲ್ಲಿನ ಪುಟ್ಟ ಬಟ್ಟಲು. ಈ ಮೂರೂ ಫೋಟೋದಲ್ಲಿ ಬರಬೇಕು.

ಬೆಳಿಗ್ಗೆ ಏಳರಿಂದ ಎಂಟೂವರೆಯೊಳಗೆ ಹೋಗಿ. ಬಿಸಿಲು ಓರೆಯಾಗಿರುತ್ತದೆ, ಗಾಳಿಯೂ ಕಡಿಮೆ. ಹೊಲ ಯಾರದ್ದೋ ಇರುತ್ತದೆ, ಕೇಳಿಯೇ ಒಳಗೆ ಕಾಲಿಡಿ. "ಕಾಕಾರ, ಬದುವಿನ ಗಿಡದ್ದು ಫೋಟೋ ಹೊಡಕೊಳ್ಳಲೇನ್ರಿ?" ಅಂದರೆ ಸಾಕು. "ಹೊಡಕೋರಿ, ಅದರಾಗ ಏನೈತಿ" ಅಂತಾರೆ. ಗದಗಿನ ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ. ಅಲ್ಲಿಗೆ ಹೋಗುವುದಾದರೆ ಅರಣ್ಯ ಇಲಾಖೆಯವರನ್ನು ಮೊದಲೇ ವಿಚಾರಿಸಿ.

ಈಗ ಮುಖ್ಯ ವಿಷಯ, ಬೆಳಕು. ಕ್ಯಾಮೆರಾದ ಸೆನ್ಸರ್ ಕೆಂಪು, ಹಸಿರು, ನೀಲಿ ಬೆಳಕನ್ನು ಬೇರೆ ಬೇರೆಯಾಗಿ ಅಳೆಯುತ್ತದೆ. ಮುತ್ತಲ ಹೂವಿನಲ್ಲಿ ಕೆಂಪು ಎಷ್ಟು ಜಾಸ್ತಿ ಅಂದರೆ, ಉಳಿದ ಎರಡು ಅರ್ಧ ತುಂಬುವುದರೊಳಗೆ ಅದು ತುಂಬಿ ತುಳುಕಿರುತ್ತದೆ. ತುಳುಕಿದ ಕಡೆ ಎಸಳಿನ ಗೆರೆ, ರೋಮ ಎಲ್ಲ ಅಳಿಸಿಹೋಗುತ್ತದೆ. ಆದ್ದರಿಂದ ಎಕ್ಸ್‌ಪೋಷರ್, ಅಂದರೆ ಫೋಟೋಗೆ ಬೀಳುವ ಬೆಳಕಿನ ಪ್ರಮಾಣ, ಇಳಿಸಬೇಕು. ಮೊಬೈಲ್ ಆದರೆ ಪರದೆಯಲ್ಲಿ ಹೂವಿನ ಮೇಲೆ ಬೆರಳು ಒತ್ತಿ ಹಿಡಿಯಿರಿ. ಪಕ್ಕದಲ್ಲಿ ಮೂಡುವ ಸೂರ್ಯನ ಗುರುತನ್ನು ಎಸಳಿನ ಗೆರೆ ಕಾಣುವವರೆಗೆ ಕೆಳಗೆ ಎಳೆಯಿರಿ. ಕ್ಯಾಮೆರಾ ಆದರೆ ಎಕ್ಸ್‌ಪೋಷರ್ ಏರಿಳಿಸುವ +/- ಸೆಟ್ಟಿಂಗ್‌ನಲ್ಲಿ ಮೈನಸ್ 0.7ರಿಂದ ಶುರು ಮಾಡಿ, ಸಾಲದಿದ್ದರೆ ಮೈನಸ್ 1. ಹಿಸ್ಟೋಗ್ರಾಮ್‌ನಲ್ಲಿ, ಅಂದರೆ ಬೆಳಕು ಎಷ್ಟೆಷ್ಟಿದೆ ಅಂತ ತೋರಿಸುವ ನಕ್ಷೆಯಲ್ಲಿ, ಕೆಂಪು ಗೆರೆಯನ್ನೇ ನೋಡಿ, ಅದು ಬಲತುದಿಗೆ ತಾಗಬಾರದು. ಬೆಳಕಿಗೆ ತಕ್ಕಂತೆ ಬಣ್ಣ ಸರಿಪಡಿಸುವ ವೈಟ್ ಬ್ಯಾಲೆನ್ಸ್ ಅನ್ನು ಆಟೋದಲ್ಲಿ ಬಿಡಬೇಡಿ, ಕೇಸರಿ ಮಂಕಾಗಬಹುದು. ಡೇಲೈಟ್‌ಗೆ ಇಡಿ.

ಇಡೀ ಗಿಡ ಬೇಕಾದರೆ ಸೂರ್ಯ ನಿಮ್ಮ ಬೆನ್ನಿಗಿರಲಿ. ಆಗ ನೀಲಿ ಆಕಾಶಕ್ಕೆ ಕೇಸರಿ ಎದ್ದು ಕಾಣುತ್ತದೆ. ಆದರೆ ನನಗೆ ಇಷ್ಟ ಒಂದೇ ಗೊಂಚಲು. ಕೈಗೆ ಎಟಕುವ ಟೊಂಗೆ ಹುಡುಕಿ, ಸೂರ್ಯ ಹೂವಿನ ಹಿಂದೆ ಬರುವ ಹಾಗೆ ಸುತ್ತಿ ನಿಲ್ಲಿ. ಎಸಳಿನ ಅಂಚಿನ ರೋಮ ಬೆಳ್ಳಿ ದಾರದಂತೆ ಹೊಳೆಯುತ್ತದೆ, ಕಪ್ಪು ಮೊಗ್ಗುಗಳು ಬೇರೆಯಾಗಿ ನಿಲ್ಲುತ್ತವೆ. ಹಿಂದೆ ನೆರಳಿನ ಬೇಲಿಯೋ ಕಾಂಡವೋ ಇದ್ದರೆ ಇನ್ನೂ ಚೆಂದ. ಟೊಂಗೆಯನ್ನು ಮಾತ್ರ ಎಳೆಯಬೇಡಿ, ಮುರಿಯಲೂಬೇಡಿ.

ಟೊಂಗೆ ತೂಗುತ್ತಿದ್ದರೆ ಶಟರ್ ವೇಗ 1/500 ಸೆಕೆಂಡ್ ಇರಲಿ. ಮಕರಂದಕ್ಕೆ ಗೊರವಂಕ, ಸೂರಕ್ಕಿ ಬಂದೇ ಬರುತ್ತವೆ, ಅವಕ್ಕೆ 1/1000. ಅವುಗಳ ಹಿಂದೆ ಓಡಬೇಡಿ. ಒಂದು ಗೊಂಚಲಿಗೆ ಫೋಕಸ್ ಮಾಡಿ ಸುಮ್ನೆ ನಿಂತರೆ ಅವೇ ಬರುತ್ತವೆ.

ಮೊಬೈಲ್‌ನಲ್ಲಿ ತಿದ್ದುವಾಗ ಸ್ಯಾಚುರೇಶನ್, ಅಂದರೆ ಬಣ್ಣದ ಗಾಢತೆ, ಏರಿಸಬೇಡಿ. ಕಷ್ಟಪಟ್ಟು ಉಳಿಸಿದ ಗೆರೆಗಳು ಮತ್ತೆ ಮುಚ್ಚಿಹೋಗುತ್ತವೆ. ನೆರಳಿನ ಭಾಗ ಸ್ವಲ್ಪ ತಿಳಿ ಮಾಡಿದರೆ ಸಾಕು.

ಹೊರಡುವ ಮುಂಚೆ ಒಮ್ಮೆ ಕೆಳಗೆ ನೋಡಿ. ರಾತ್ರಿ ಉದುರಿದ ಹೂವು ಎರೆಮಣ್ಣಿನ ಮೇಲೆ ಹಾಸಿರುತ್ತದೆ. ಮೊಬೈಲ್ ಅನ್ನು ತಲೆಕೆಳಗು ಮಾಡಿ, ಲೆನ್ಸ್ ನೆಲಕ್ಕೆ ಹತ್ತಿರ ಹಿಡಿದು ತೆಗೆಯಿರಿ. ಬಿಸಿಲೇರಿ ಬಾಡುವುದರೊಳಗೆ ಇದು ಮುಗಿಯಬೇಕು.